ಬೆಳೆಸುವ ಶಕ್ತಿಯೂ ಕರುಣೆಯ ಪರೀಕ್ಷೆಯೂ

ವೃದ್ಧಿ ಒಳಿತು, ಕ್ಷಯ ಕೆಡುಕು ಎಂಬುದು ಲೋಕರೂಢಿ. ಹಾಗಾದರೆ ಬೆಳೆಸುವ ಶಕ್ತಿಯು ಸರ್ವದಾ ಉಪಕಾರಿಯೇ ಆಗಿರಬೇಕಷ್ಟೆ? ಇದಕ್ಕೆ ಉತ್ತರವನ್ನು ದೂರದಲ್ಲಿ ಅರಸಬೇಕಾದುದಿಲ್ಲ. ನಮ್ಮ ಶ್ವಾಸಕೋಶವೇ ಸಾಕ್ಷಿ ನುಡಿಯುತ್ತದೆ.

ಗರ್ಭದ ನಾಲ್ಕನೆಯ ವಾರದಲ್ಲಿ ಶಿಶುಪಿಂಡದ ಅನ್ನಮಾರ್ಗದಿಂದ ಒಂದು ಪುಟ್ಟ ಮೊಗ್ಗು ಮೂಡುತ್ತದೆ. ಅದು ಎರಡಾಗಿ, ಮತ್ತೆ ಮತ್ತೆ ಕವಲೊಡೆದು, ಕಡೆಗೆ ಕೋಟಿಗಟ್ಟಲೆ ಗಾಳಿಗೂಡುಗಳಾಗುತ್ತದೆ. ಕವಲುಗಳಿಗೆ ದಾರಿ ತೋರುವವು ಸುತ್ತಲಿನ ಜೀವಕೋಶಗಳು ಸ್ರವಿಸುವ ವೃದ್ಧಿಕಾರಕಗಳೆಂಬ ಪ್ರೋಟೀನುಗಳು. ಇಂತಹ ದ್ರವ್ಯಗಳನ್ನು ಕಂಡುಹಿಡಿದುದಕ್ಕಾಗಿ ರೀಟಾ ಲೆವಿ-ಮೊಂಟಾಲ್ಚಿನಿ, ಸ್ಟ್ಯಾನ್ಲಿ ಕೋಹೆನ್ ಇವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇವುಗಳಲ್ಲಿ ಎಫ್.ಜಿ.ಎಫ್.-10 ಎಂಬುದೊಂದಿಲ್ಲದ ಇಲಿಮರಿಗೆ ಶ್ವಾಸನಾಳವುಂಟು, ಶ್ವಾಸಕೋಶವೇ ಇಲ್ಲ. ಆದರೆ ಅದೇ ದ್ರವ್ಯವು ಮೊಗ್ಗಿನ ತುದಿಯಲ್ಲಿ ತನ್ನನ್ನೇ ತಡೆಯುವ ಮತ್ತೊಂದು ಪ್ರೋಟೀನನ್ನೂ ಹುಟ್ಟಿಸುತ್ತದೆ. ಪ್ರೇರಣೆಯೊಡನೆ ನಿಯಮವೂ ಹುಟ್ಟುವುದರಿಂದಲೇ ಆಕಾರವು ಸಿದ್ಧಿಸುತ್ತದೆ.

ಶ್ವಾಸಕೋಶಕ್ಕೆ ಗಾಯವಾದಾಗಲೂ ಇಂತಹ ಶಕ್ತಿಗಳೇ ಎಚ್ಚರಗೊಳ್ಳುತ್ತವೆ. ಟಿ.ಜಿ.ಎಫ್.-ಬೀಟಾ ಎಂಬ ಕಾರಕವು ನಾರನ್ನು ಹೆಣೆಯಿಸಿ ಗಾಯವನ್ನು ಮುಚ್ಚಿಸುತ್ತದೆ. ಕೆಲಸ ಮುಗಿದ ಮೇಲೂ ಅದು ನಿಲ್ಲದಿದ್ದರೆ ಮೃದುವಾದ ಅಂಗವು ಬಿಗಿದು, ರೋಗಿಗೆ ಹತ್ತು ಹೆಜ್ಜೆ ನಡೆಯುವುದೂ ದುಸ್ತರವಾಗುತ್ತದೆ. 2014ರಲ್ಲಿ ಅಮೆರಿಕದಲ್ಲಿ ಇಂತಹ ವ್ಯಾಧಿಗೆ ಮಾನ್ಯವಾದ ನಿಂಟೆಡನಿಬ್ ಎಂಬ ಔಷಧವು ಬೆಳೆಸುವುದಲ್ಲ, ಕೆಲವು ವೃದ್ಧಿಕಾರಕಗಳ ಕರೆಯನ್ನು ತಡೆಯುವುದು. ಅದು ರೋಗದ ವೇಗವನ್ನು ತಗ್ಗಿಸುತ್ತದೆ, ನಿರ್ಮೂಲ ಮಾಡದು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ಉಸಿರಿಗಾಗಿ ತಳಮಳಿಸುವವನಿಗೆ ಬೆಳೆಸುವ ಶಕ್ತಿಯನ್ನು ಕೂಡಲೇ ಕೊಡುವುದೇ ದಯೆಯಲ್ಲವೆ? ಕೆಲವರಿಗೆ ಕೊಟ್ಟು, ಕೆಲವರಿಗೆ ಬರಿಯ ಹುಸಿಮದ್ದನ್ನಿತ್ತು ಹೋಲಿಸುವುದು ನಿರ್ದಯೆಯಲ್ಲವೆ?

ಸಮಾಧಾನವನ್ನು ನಡೆದ ಸಂಗತಿಯೇ ಹೇಳುತ್ತದೆ. ಶ್ವಾಸಕೋಶದ ಒಳಪೊರೆಯನ್ನು ದುರಸ್ತಿ ಮಾಡಬಲ್ಲುದೆಂದು ನಂಬಲಾಗಿದ್ದ ಕೆ.ಜಿ.ಎಫ್. ಎಂಬ ಕಾರಕವನ್ನು ಬ್ರಿಟನ್ನಿನಲ್ಲಿ, ತೀವ್ರ ಶ್ವಾಸಸಂಕಟದ 60 ಮಂದಿ ರೋಗಿಗಳಲ್ಲಿ ಪರೀಕ್ಷಿಸಿದರು. ಯಾರಿಗೆ ಯಾವುದು ಸಂದಿತೆಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿಯದಂತೆ ಏರ್ಪಾಡಾಗಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶವು ಎಲ್ಲರ ಆಸೆಗೆ ವಿರುದ್ಧವಾಯಿತು: ಪ್ರಯೋಜನ ಕಾಣಲಿಲ್ಲ, ಕಾರಕವನ್ನು ಪಡೆದವರೇ ಹೆಚ್ಚು ದಿನ ಕೃತಕ ಉಸಿರಾಟದ ಯಂತ್ರವನ್ನು ಅವಲಂಬಿಸಿದರು, ಅವರಲ್ಲೇ ಮರಣವೂ ಹೆಚ್ಚಾಗಿ ಕಂಡಿತು. ಹೋಲಿಸದೆ ಎಲ್ಲರಿಗೂ ಕೊಟ್ಟಿದ್ದರೆ ಆ ಮರಣಗಳೆಲ್ಲವೂ ರೋಗದ ಲೆಕ್ಕಕ್ಕೆ ಸೇರುತ್ತಿದ್ದವು. ನಮ್ಮ ದಯೆಯು ನಿಷ್ಕಳಂಕವಾಗಿಯೇ ತೋರುತ್ತಿತ್ತು.

ಆದುದರಿಂದ ಪರೀಕ್ಷೆಯು ದಯೆಗೆ ಶತ್ರುವಲ್ಲ, ಅದರ ಕಣ್ಣು. ಆದರೂ ಒಂದು ಋಣ ಉಳಿಯುತ್ತದೆ. ಆ 60 ಮಂದಿಯ ಸಂಕಟದಿಂದ ನಮಗೆ ಜ್ಞಾನ ದೊರೆಯಿತು. ಅವರ ಸಮ್ಮತಿಯನ್ನು, ಅವರು ನುಡಿಯಲಾರದಾಗ ಆಪ್ತರ ಸಮ್ಮತಿಯನ್ನು ಪಡೆಯುವುದೂ, ಕಹಿಯಾದ ಫಲವನ್ನು ಮುಚ್ಚಿಡದೆ ಹೇಳುವುದೂ ಆ ಋಣದ ಕಿಂಚಿತ್ ಪಾವತಿ ಮಾತ್ರ.

ಉಪಕಾರ ಮಾಡಬೇಕೆಂಬ ಬಯಕೆ ನಮ್ಮಲ್ಲಿ ಉಕ್ಕಿದಾಗ, ಪ್ರಿಯ ವಾಚಕರೇ, ಎದುರಿಗಿರುವವನಿಗೆ ಅದು ಏನಾಯಿತೆಂದು ಹಿಂತಿರುಗಿ ನೋಡುವ ಧೈರ್ಯವೂ ನಮಗಿರಲಿ. ಮಿತಿಯನ್ನರಿತ ಶಕ್ತಿಯಿಂದಲೇ ಉಸಿರಿಗೆ ಮನೆ ಕಟ್ಟಲ್ಪಟ್ಟಿದೆ.