ಪಾತ್ರಾಪಾತ್ರ ವಿಚಾರ

ಧರ್ಮಸಂಕಟವೆಂದೊಡನೆ ಕುರುಕ್ಷೇತ್ರದ ನಡುವೆ ಬಿಲ್ಲನ್ನಿಳಿಸಿ ಕುಳಿತ ಅರ್ಜುನನೇ ನೆನಪಿಗೆ ಬರುತ್ತಾನಾದರೂ, ನಮ್ಮಂತಹ ಸಾಮಾನ್ಯರಿಗೆ ಅದು ಒದಗುವುದು ಊರ್ಡಿಗೆರೆಯ ಬಸ್ ನಿಲ್ದಾಣದಲ್ಲಿ, ಅಥವಾ ಸಮೀಪದ ದೇವರಾಯನದುರ್ಗದಲ್ಲಿ ಭೋಗನರಸಿಂಹನ ದರ್ಶನ ಮುಗಿಸಿ ಮೇಲಿನ ಯೋಗನರಸಿಂಹನೆಡೆಗೆ ಹೊರಟಾಗ, ಯಾರೋ ಒಬ್ಬರು ಹಸಿವೆಂದು ಕೈಯೊಡ್ಡಿದ ಗಳಿಗೆಯಲ್ಲಿ. ಇವನು ನಿಜವಾಗಿ ದೀನನೋ, ದುಡಿಯಲೊಲ್ಲದ ಸೋಮಾರಿಯೋ? ಕಿಸೆಗೆ ಹೋದ ಕೈ ಹೊರಬರುವುದರೊಳಗಾಗಿ, ಹೆಸರನ್ನೂ ಅರಿಯದ ಆ ಮನುಷ್ಯನ ಚಾರಿತ್ರ್ಯವನ್ನೆಲ್ಲ ನಾವು ನಿರ್ಣಯಿಸಿ ಮುಗಿಸಿರುತ್ತೇವೆ.

ಇದಕ್ಕೆ ಶಾಸ್ತ್ರಾಧಾರವೂ ಉಂಟು. ಗೀತೆಯ 17ನೆಯ ಅಧ್ಯಾಯವು ದೇಶ, ಕಾಲ, ಪಾತ್ರಗಳನ್ನರಿತು, ಪ್ರತ್ಯುಪಕಾರವನ್ನು ಬಯಸದೆ ಕೊಟ್ಟುದನ್ನು ಸಾತ್ತ್ವಿಕವೆಂದೂ, ಅಪಾತ್ರರಿಗೆ ಕೊಟ್ಟುದನ್ನು ತಾಮಸವೆಂದೂ ವಿಂಗಡಿಸಿದೆ. ಇಷ್ಟು ನಮಗೆ ಕಂಠಪಾಠ. ಸತ್ಕಾರವಿಲ್ಲದೆ, ಅವಜ್ಞೆಯಿಂದ ಕೊಟ್ಟುದನ್ನೂ ಅದೇ ಶ್ಲೋಕ ತಾಮಸದ ಪಂಕ್ತಿಯಲ್ಲಿಯೇ ಕೂರಿಸಿದೆಯೆಂಬುದನ್ನು ಮಾತ್ರ ಜಾಣತನದಿಂದ ಮರೆಯುತ್ತೇವೆ. ಬೇಡುವವನನ್ನು ಪರೀಕ್ಷಿಸುವ ಶಾಸ್ತ್ರವೇ ಕೊಡುವವನನ್ನೂ ಪರೀಕ್ಷೆಗೆ ನಿಲ್ಲಿಸಿದೆ.

ತುಮಕೂರಿನ ಮಗ್ಗುಲಲ್ಲಿರುವ ಸಿದ್ಧಗಂಗಾ ಮಠದ ದಾಸೋಹವು ಈ ತೊಡಕನ್ನು ಬೇರೊಂದು ಬಗೆಯಲ್ಲಿ ಬಿಡಿಸಿತು. 1907ರಿಂದ 2019ರವರೆಗೆ ಬಾಳಿದ ಶ್ರೀ ಶಿವಕುಮಾರ ಸ್ವಾಮಿಗಳ ಆಶ್ರಯದಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಉಂಡು, ಓದಿ, ಬೆಳೆದರು. ಬಂದ ಭಕ್ತರೂ ಪ್ರಸಾದ ಸ್ವೀಕರಿಸಿದರು. ಇಲ್ಲಿ ವಿವೇಚನೆಗೆ ಎಡೆಯಿಲ್ಲವೆಂದು ಭಾವಿಸುವುದು ತಪ್ಪಾದೀತು. ಹಸಿದವನಿಗೆ ಅನ್ನವಿಡತಕ್ಕದ್ದೆಂಬುದನ್ನು ಹಿರಿಯರು ಒಮ್ಮೆ ಚೆನ್ನಾಗಿ ಆಲೋಚಿಸಿ ನಿರ್ಣಯಿಸಿದರು. ಆ ನಿರ್ಣಯವನ್ನು ಹೊತ್ತುಹೊತ್ತಿನ ಮನೋವಿಕಾರಗಳ ಮುಂದೆ ಮರುವಿಚಾರಣೆಗೆ ತರದಿರುವುದೇ ಆಚಾರದ ಹೆಚ್ಚಳ.

ಹಾಗೆಂದು ಎಲ್ಲೆಡೆಯೂ ಕಣ್ಣು ಮುಚ್ಚಿ ಕೊಡಬೇಕೆಂದು ನಾನು ವಾದಿಸುವವನಲ್ಲ. ಸಾಲ ಕೇಳುವವನನ್ನು, ಗುಡಿಯ ಜೀರ್ಣೋದ್ಧಾರಕ್ಕೆಂದು ರಸೀತಿ ಪುಸ್ತಕ ಹಿಡಿದು ಬರುವವನನ್ನು (ಈ ವರ್ಗವು ಈಚೆಗೆ ಸಾಕಷ್ಟು ಬೆಳೆದಿದೆ) ನಾಲ್ಕು ಮಾತು ವಿಚಾರಿಸುವುದು ನ್ಯಾಯವೇ. ಅನ್ನದ ಮಾತು ಬೇರೆ. ನಂಬಿ ಮೋಸಹೋದರೆ ನಮಗಾಗುವ ನಷ್ಟ ಒಂದು ರಾಗಿಮುದ್ದೆ. ತಪ್ಪಾಗಿ ಸಂಶಯಿಸಿದರೆ ಒಂದು ಜೀವ ಉಪವಾಸ ಮಲಗುತ್ತದೆ. ಈ ಎರಡು ತಪ್ಪುಗಳನ್ನೂ ಸಮನೆಂದೆಣಿಸಿ ಬಾಗಿಲು ಮುಚ್ಚುವವನು ತನ್ನ ಜಿಪುಣತನಕ್ಕೆ ವಿವೇಕದ ಮಡಿಯುಡಿಸಿದ್ದಾನೆ. ವಾಚಕರಲ್ಲಿ ನನ್ನ ವಿನಂತಿ ಇಷ್ಟೆ: ಹಸಿದು ಬಂದವನ ಪಾತ್ರತೆಯನ್ನು ಪರೀಕ್ಷಿಸಲೇಬೇಕೆನಿಸಿದರೆ, ಅವನ ಊಟವಾದ ಮೇಲೆ ಪರೀಕ್ಷಿಸಿರಿ.