ನೋಡೋದಕ್ಕೆ ದುಡ್ಡಿಲ್ಲ

ಕೆಲಸಕ್ಕೋ ಓದಿಗೋ ಮುಂಬೈಗೆ ಹೊಸದಾಗಿ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳು, ಬಾಡಿಗೆ, ಲೋಕಲ್ ಪಾಸು, ಊಟದ ಮೆಸ್ಸು ಎಲ್ಲ ಒಂದು ದಾರಿಗೆ ಬಂದ ಮೇಲೆ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಅಕ್ಕಾ, ದಿನಾ ಹಾಕೋ ಬಟ್ಟೆ ಎಲ್ಲಿ ತಗೋತೀರಿ?" ಇದು ಮದುವೆ ಸೀರೆಯ ಮಾತಲ್ಲ. ಅದಕ್ಕೆ ಮನೆಯ ಹಿರಿಯರಿದ್ದಾರೆ, ಮಾಟುಂಗಾದ ರೇಷ್ಮೆ ಅಂಗಡಿಗಳಿವೆ. ಇದು ಸೋಮವಾರದ ಕುರ್ತಿ, ಗುರುವಾರದ ದುಪಟ್ಟಾ, ಮನೆಯ ನೈಟಿ, ರವಿಕೆಯ ಅಸ್ತರಿನ ಮಾತು. ಲೋಕಲ್ಲಿನ ನೂಕುನುಗ್ಗಲು, ಬೆವರು, ಮಳೆ ಎಲ್ಲವನ್ನೂ ತಡೆದು, ವಾರಕ್ಕೊಮ್ಮೆ ವಾಶಿಂಗ್ ಮಷೀನಿಗೆ ಬಿದ್ದು ಏಳಬೇಕಾದ ಬಟ್ಟೆಯ ಮಾತು.

ನಾನು ಸಯನ್ನಿನಲ್ಲಿ ಇರುವವಳು. ನನ್ನ ಉತ್ತರ ಸಿದ್ಧವಾಗಿಯೇ ಇರುತ್ತದೆ: ಗಾಂಧಿ ಮಾರ್ಕೆಟ್. ಸಯನ್ ಸ್ಟೇಷನ್ನಿನಿಂದ ದಕ್ಷಿಣಕ್ಕೆ, ಹಾರ್ಬರ್ ಲೈನಿನ ಕಿಂಗ್ಸ್ ಸರ್ಕಲ್ ಸ್ಟೇಷನ್ನಿನ ಹತ್ತಿರ ಇರುವ ಬಟ್ಟೆ ಬಜಾರು. ಡ್ರೆಸ್ ಮೆಟೀರಿಯಲ್‌ಗೆ ಇದರ ಹೆಸರು ದೊಡ್ಡದು. 1947ರ ದೇಶವಿಭಜನೆಯ ನಂತರ ಸಿಂಧ್ ಮತ್ತು ಪಂಜಾಬಿನಿಂದ ಬಂದ ನಿರಾಶ್ರಿತರು ಸಯನ್ ಕೋಳಿವಾಡಾದ ಸುತ್ತ ನೆಲೆಸಿದರು. ಈ ಭಾಗದ ಅಂಗಡಿಗಳ ಮಾತು, ಚುರುಕು, ಗಿರಾಕಿಯನ್ನು ಕರೆಯುವ ಧಾಟಿ ಎಲ್ಲದರಲ್ಲೂ ಅವರ ಛಾಯೆ ಈಗಲೂ ಇದೆ. ಹೋಗುವವರಿಗೆ ಎರಡು ಕಿವಿಮಾತು ಹೇಳುತ್ತೇನೆ: ಹತ್ತಿ ಬಟ್ಟೆಯನ್ನು ಹೊಲಿಯಲು ಕೊಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ. ಬಣ್ಣದ ಮೇಲೆ ಅನುಮಾನವಿದ್ದರೆ ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಮೂಲೆಯೊಂದನ್ನು ಉಜ್ಜಿ ನೋಡಿ.

ಸಾಮಾನ್ಯವಾಗಿ ಮಾತು ಇಲ್ಲಿಗೆ ಮುಗಿಯುತ್ತದೆ. ಆದರೆ ಈಚೆಗೆ ನಮ್ಮ ಆಫೀಸಿನ ಹುಡುಗಿಯೊಬ್ಬಳು ಮುಂದಿನ ಪ್ರಶ್ನೆಯನ್ನೂ ಕೇಳಿದಳು. "ಅಲ್ಲಿ ನೋಡಿ, ಮುಟ್ಟಿ, ಕ್ಯಾಟಲಾಗ್ ನಂಬರಿನ ಫೋಟೋ ತಗೊಂಡು, ಆಮೇಲೆ ಫೋನಲ್ಲಿ ತರಿಸಿದ್ರೆ ತಪ್ಪಾ? ನೂರೈವತ್ತು ರೂಪಾಯಿ ಕಮ್ಮಿ ಸಿಗುತ್ತೆ." ಡ್ರೆಸ್ ಮೆಟೀರಿಯಲ್ ಕೊಂಡವರಿಗೆ ಇದು ಗೊತ್ತು. ಪ್ಲಾಸ್ಟಿಕ್ ಕವರಿನ ಮೇಲೆ ಡಿಸೈನ್ ನಂಬರು ಇರುತ್ತದೆ, ಅದನ್ನು ಹುಡುಕಿದರೆ ಅದೇ ಮಾಲು ಹತ್ತು ಕಡೆ ಹತ್ತು ಬೆಲೆಗೆ ಕಾಣುತ್ತದೆ. ಅವಳು ಕದಿಯುತ್ತಿಲ್ಲ, ಸುಳ್ಳು ಹೇಳುತ್ತಿಲ್ಲ. ಅಂಗಡಿಯವನೇ ಬಾಗಿಲಲ್ಲಿ ನಿಂತು ಕೂಗುತ್ತಾನೆ: "ಆಯಿಯೇ ಮೇಡಂ, ದೇಖನೇ ಕಾ ಪೈಸಾ ನಹೀ ಹೈ!" ಬನ್ನಿ, ನೋಡೋದಕ್ಕೆ ದುಡ್ಡಿಲ್ಲ.

ನಿಜವಾಗಿ ದುಡ್ಡಿಲ್ಲವೇ? ಒಂದು ಜೊತೆ ಬಟ್ಟೆ ತೋರಿಸುವುದರಲ್ಲಿ ಏನೇನಿದೆ ಎಂದು ನೋಡೋಣ. ಕೆಲಸದ ಹುಡುಗ ಮೇಲಿನ ಕಪಾಟಿನಿಂದ ಕಟ್ಟು ಎಸೆಯುತ್ತಾನೆ. ಕೆಳಗಿರುವವಳು ಕವರು ತೆಗೆದು ಟಾಪಿನ ಬಟ್ಟೆ ಹರಡಿ, ದುಪಟ್ಟಾವನ್ನು ಹೆಗಲ ಮೇಲೆ ಹಾಕಿಕೊಂಡು ತೋರಿಸುತ್ತಾಳೆ. "ಇದರಲ್ಲಿ ತಿಳಿ ಬಣ್ಣ?" ಅಂದರೆ ಇನ್ನೊಂದು. "ಬಾರ್ಡರು ಇಷ್ಟು ಅಗಲ ಬೇಡ" ಅಂದರೆ ಮತ್ತೊಂದು. ಮೂವತ್ತು ಜೊತೆ ಬಿಚ್ಚಿದ ಮೇಲೆ "ನೋಡಿ ಬರ್ತೀನಿ" ಎಂದು ಎದ್ದರೆ, ಆ ಮೂವತ್ತನ್ನೂ ಹಳೆಯ ಮಡಿಕೆಯ ಗೆರೆ ಹಿಡಿದು ಮಡಚಬೇಕು, ಅದದೇ ಕವರಿಗೆ ತುಂಬಬೇಕು. ಗೆರೆ ತಪ್ಪಿದರೆ ಮುಂದಿನ ಗಿರಾಕಿ ಹಳೇ ಮಾಲು ಅನ್ನುತ್ತಾಳೆ. ಇದರ ಮೇಲೆ ಅಂಗಡಿಯ ಬಾಡಿಗೆ, ಕರೆಂಟು. ಜೊತೆಗೆ ಮಳೆಗಾಲ. ಮುಂಬೈಯಲ್ಲಿ ನಾಲ್ಕು ತಾಸು ಬಿಡದೆ ಮಳೆ ಹೊಡೆದರೆ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಎಂಬ ಹೆಸರುಗಳು ಟಿವಿಯಲ್ಲಿ ಒಟ್ಟಿಗೆ ಬರುತ್ತವೆ. ತಗ್ಗಿನ ಜಾಗ, ಪಂಪು ಕೂರಿಸಿ ನೀರೆತ್ತಬೇಕು. ಅಂಗಡಿಯವರು ಕೆಳಗಿನ ಖಾನೆ ಖಾಲಿ ಮಾಡಿ ಮಾಲನ್ನು ಮೇಲಕ್ಕೇರಿಸುತ್ತಾರೆ. ಭಿವಂಡಿಯ ದೊಡ್ಡ ಗೋದಾಮಿನಿಂದ ಬರುವ ಪಾರ್ಸೆಲ್ಲಿನ ಬೆಲೆಯಲ್ಲಿ ಈ ಹೆಗಲು, ಈ ಮಡಿಕೆ, ಕಿಂಗ್ಸ್ ಸರ್ಕಲ್ಲಿನ ಈ ನೀರು ಯಾವುದೂ ಇಲ್ಲ. ನೂರೈವತ್ತು ರೂಪಾಯಿಯ ವ್ಯತ್ಯಾಸದಲ್ಲಿ ಒಂದು ಪಾಲು ಇದೇ.

ಅಂದರೆ ನೋಡೋದಕ್ಕೂ ದುಡ್ಡಿದೆ. ಅದನ್ನು ಕೊಳ್ಳುವವರು ಕಟ್ಟುತ್ತಿದ್ದಾರೆ. ನೋಡಿ ಹೋದವಳ ಖರ್ಚು, ಕೊಂಡು ಹೋದವಳ ಬಿಲ್ಲಿನಲ್ಲಿ ಕರಗಿರುತ್ತದೆ.

ಐಟಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಗ್ರಾಹಕ ಕಂಪನಿ ನಮ್ಮನ್ನು ಕರೆದು ಎರಡು ವಾರ ಪ್ರಪೋಸಲ್ ಬರೆಸುತ್ತದೆ, ಡೆಮೊ ಮಾಡಿಸುತ್ತದೆ, ಆರ್ಕಿಟೆಕ್ಚರ್ ಚಿತ್ರ ಬರೆಸುತ್ತದೆ. ಇದ್ಯಾವುದಕ್ಕೂ ಬಿಲ್ಲಿಲ್ಲ. ಸ್ಪರ್ಧೆಯಲ್ಲಿ ಸೋತರೆ ಬೇಸರ ಪಟ್ಟುಕೊಂಡು ಸುಮ್ಮನಾಗುತ್ತೇವೆ, ಅದು ವ್ಯಾಪಾರದ ನಿಯಮ. ಆದರೆ ಗುತ್ತಿಗೆ ಯಾರಿಗೆ ಎಂದು ಮೊದಲೇ ತೀರ್ಮಾನಿಸಿ, ನಮ್ಮಿಂದ ಚಿತ್ರ ಬರೆಸಿಕೊಂಡು ಅದನ್ನು ಅವರ ಕೈಗೆ ಕೊಟ್ಟರು ಎಂದು ತಿಳಿದ ದಿನ ಕ್ಯಾಂಟೀನಿನಲ್ಲಿ ಯಾರೂ ಅದನ್ನು ವ್ಯಾಪಾರ ಅನ್ನುವುದಿಲ್ಲ. ಎರಡರಲ್ಲೂ ನಮ್ಮ ನಷ್ಟ ಒಂದೇ. ಆದರೂ ಒಂದಕ್ಕೆ ಬೇಸರ, ಇನ್ನೊಂದಕ್ಕೆ ಸಿಟ್ಟು. ಯಾಕೆ?

ನನಗೆ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ. ಮೊದಲನೆಯವರು ನಮ್ಮ ಮುಂದೆ ಕೂತಾಗ ಅವರ ಮನಸ್ಸು ತೆರೆದಿತ್ತು. ನಾವು ಗೆಲ್ಲಬಹುದಿತ್ತು. ಎರಡನೆಯವರಲ್ಲಿ ಅದು ಮುಚ್ಚಿತ್ತು. ಅಂಗಡಿಯವಳು ಮೂವತ್ತು ಜೊತೆ ಬಿಚ್ಚುವುದು "ಮೂವತ್ತೊಂದನೆಯದು ಹಿಡಿಸಬಹುದು" ಎಂಬ ಆಸೆಯ ಮೇಲೆ. ಆ ಆಸೆಗೆ ಜಾಗವಿರುವವರೆಗೆ, ಏನೂ ಕೊಳ್ಳದೆ ಎದ್ದು ಬಂದರೂ ತಪ್ಪಿಲ್ಲ. ಬಣ್ಣ ಒಪ್ಪಲಿಲ್ಲ, ದುಡ್ಡು ಸಾಲಲಿಲ್ಲ, ಮನಸ್ಸು ಬದಲಾಯಿತು, ಎಲ್ಲ ನ್ಯಾಯವೇ. ಕೊಳ್ಳುವುದಿಲ್ಲ ಎಂದು ನಿರ್ಧರಿಸಿಕೊಂಡೇ ಒಳಗೆ ಹೋಗಿ ಕೂತಾಗ ಮಾತ್ರ ಅವಳ ಶ್ರಮ ಪುಕ್ಕಟೆಯಾಗುತ್ತದೆ. ಏಕೆಂದರೆ ಅವಳು ಆಡುತ್ತಿರುವ ಆಟದಲ್ಲಿ ಗೆಲುವೇ ಇಲ್ಲ ಎನ್ನುವುದು ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಆ ಹುಡುಗಿಯೇ ಎತ್ತಿದಳು. "ಫೋನಲ್ಲಿ ಸೈಜು ಸರಿ ಹೋಗಲ್ಲ ಅಕ್ಕಾ, ಮುಟ್ಟದೆ ಹೇಗೆ ತಗೊಳ್ಳಲಿ?" ಮಾತು ನಿಜ. ರೆಡಿಮೇಡ್ ಕುರ್ತಿಯ 'ಎಂ' ಒಂದು ಕಂಪನಿಯಲ್ಲಿ ಒಂದು ಅಳತೆ, ಇನ್ನೊಂದರಲ್ಲಿ ಇನ್ನೊಂದು. ಭಾರತೀಯರ ಮೈಕಟ್ಟಿಗೆ ನಮ್ಮದೇ ಆದ ಅಳತೆಪಟ್ಟಿ ಇರಲಿಲ್ಲ. ಅದಕ್ಕಾಗಿಯೇ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ 'ಇಂಡಿಯಾಸೈಜ್' ಎಂಬ ಯೋಜನೆ ಹಾಕಿಕೊಂಡು, ಮುಂಬೈ, ಬೆಂಗಳೂರು ಸೇರಿ ಆರು ನಗರಗಳಲ್ಲಿ 25,000 ಜನರ ಮೈಯನ್ನು ಸ್ಕ್ಯಾನರಿನಲ್ಲಿ ಅಳೆಯುವ ಕೆಲಸಕ್ಕೆ ಇಳಿಯಿತು. ಅಷ್ಟು ಕಷ್ಟದ ಕೆಲಸವನ್ನು ಗಾಂಧಿ ಮಾರ್ಕೆಟ್ಟಿನ ಅನುಭವಿ ಕೆಲಸಗಾರ್ತಿ ಒಂದು ನೋಟದಲ್ಲಿ ಮುಗಿಸುತ್ತಾಳೆ: "ನಿಮಗೆ ಇದು ಭುಜದಲ್ಲಿ ಬಿಗಿಯಾಗುತ್ತೆ, ಬೇಡ." ಫೋನು ಕೊಡಲಾಗದ್ದನ್ನು ಪಡೆಯಲೆಂದೇ ನಾವು ಅವಳ ಹತ್ತಿರ ಹೋಗುತ್ತಿದ್ದೇವೆ. ಹಾಗಾದರೆ ಅದಕ್ಕೆ ಬೆಲೆ ಇದೆ ಎಂದು ನಾವೇ ಒಪ್ಪಿದಂತಾಯಿತು. ಬೆಲೆ ಇದೆ ಎಂದು ಒಪ್ಪಿ, ಕೊಡುವುದಿಲ್ಲ ಎನ್ನುವುದು ಹೇಗೆ?

ನಮ್ಮ ಕಡೆಯ ಆಯ್ದಕ್ಕಿ ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಅವಳು ವಾಪಸು ಕಳಿಸಿದಳು. ಆ ಅಕ್ಕಿ ಯಾರ ಮನೆಯಿಂದ ಕದ್ದದ್ದೂ ಅಲ್ಲ. ಬಿದ್ದದ್ದು, ಬಿಟ್ಟದ್ದು. ಆಯುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆದರೂ ಅವಳು ಕೇಳಿದ್ದು "ಸಿಗುತ್ತದೆಯೇ" ಎಂದಲ್ಲ, "ನಮಗೆ ಸಲ್ಲುತ್ತದೆಯೇ" ಎಂದು. ಅಂಗಡಿಯವನು ನೋಡೋದಕ್ಕೆ ದುಡ್ಡಿಲ್ಲ ಎಂದು ಕೂಗುವುದು ಸಿಗುವುದರ ಲೆಕ್ಕ. ಸಲ್ಲುವುದರ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು.

ಸರಿ, ಹಾಗಾದರೆ ಅಂಗಡಿಯಲ್ಲೇ ಕೊಂಡುಬಿಟ್ಟರೆ ಲೆಕ್ಕ ಚುಕ್ತಾ ಆಯಿತೇ? ಇಲ್ಲಿ ನನಗೆ ಮೊದಲಿಗಿಂತ ದೊಡ್ಡ ತೊಡಕು ಕಾಣುತ್ತದೆ. ತೋರಿಸಿದವಳು ಒಬ್ಬಳು, ದುಡ್ಡು ಹೋದದ್ದು ಗಲ್ಲಾದ ಮೇಲೆ ಕೂತವನಿಗೆ. "ನಮ್ಮ ಅಂಗಡಿ" ಎಂದು ಹತ್ತು ವರ್ಷದಿಂದ ಹೋಗುವವರು ಮಾಲೀಕನ ಮಗನ ಮದುವೆಗೆ ಉಡುಗೊರೆ ಕೊಟ್ಟಿರುತ್ತಾರೆ. ಬಟ್ಟೆ ಮಡಚುವವಳ ಹೆಸರು ಗೊತ್ತಿರುವುದಿಲ್ಲ. ಅವಳು ಬೆಳಿಗ್ಗೆ ಹನ್ನೊಂದಕ್ಕೆ ನಿಂತವಳು ರಾತ್ರಿಯವರೆಗೆ ನಿಂತೇ ಇರುತ್ತಾಳೆ. ಗಿರಾಕಿಗೆ ಸ್ಟೂಲಿದೆ, ಗಾದಿಯಿದೆ. ಅವಳಿಗಿಲ್ಲ.

ಇದು ನಾವು ಹೊಸದಾಗಿ ಕಂಡ ಸಂಗತಿಯಲ್ಲ. ಕೋಳಿಕ್ಕೋಡಿನ ಮಿಠಾಯಿ ಬೀದಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಎಂಬವರು ಅಂಗಡಿಗಳ ಹೆಣ್ಣುಮಕ್ಕಳನ್ನು ಸೇರಿಸಿ 'ಪೆಣ್‌ಕೂಟ್ಟು' ಎಂಬ ಸಂಘಟನೆ ಕಟ್ಟಿದರು. ಅವರು ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೂರುವ ಹಕ್ಕು. 2018ರಲ್ಲಿ ಕೇರಳ ಅಂಗಡಿ ಕಾಯಿದೆಗೆ ತಿದ್ದುಪಡಿ ತಂದು ಆಸನದ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಮಹಾರಾಷ್ಟ್ರದ 2017ರ ಅಂಗಡಿ ಕಾಯಿದೆಯಾದರೋ ಜಾರಿಗೆ ಬಂದದ್ದೇ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ ಎಂದು. ಮೂರು ನಾಲ್ಕು ಜನ ಇರುವ ಸಣ್ಣ ಬಟ್ಟೆ ಅಂಗಡಿ ಅದರ ಬಹುಪಾಲು ನಿಯಮಗಳ ಹೊರಗೇ ಉಳಿಯಿತು. ಕಾನೂನು ತಲುಪದ ಕಡೆ ಗಿರಾಕಿಯ ಕಣ್ಣಾದರೂ ತಲುಪಬೇಕು.

ಚೌಕಾಶಿಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದವರು ಚೌಕಾಶಿಯನ್ನೇ ಬಿಟ್ಟು ಎಲ್ಲರಿಗೂ ಒಂದೇ ಬೆಲೆ ಹೇಳತೊಡಗಿದರು. ಒಪ್ಪುವ ಬೆಲೆ ಒಂದಿದ್ದು ಹೇಳುವ ಬೆಲೆ ಇನ್ನೊಂದಾದರೆ ಅದು ಸುಳ್ಳು ಎಂಬುದು ಅವರ ನಂಬಿಕೆ. ನನಗೆ ಅಷ್ಟು ಬಿಗಿ ಬೇಕಿಲ್ಲ. ಗಾಂಧಿ ಮಾರ್ಕೆಟ್ಟಿನಲ್ಲಿ ಎರಡೂ ಕಡೆಯವರಿಗೆ ಆಟದ ನಿಯಮ ಗೊತ್ತು. ಒಂಬೈನೂರು ಅಂದರೆ ಏಳುನೂರು ಎಂದು ಇಬ್ಬರೂ ಮನಸ್ಸಿನಲ್ಲೇ ಅನುವಾದ ಮಾಡಿಕೊಳ್ಳುತ್ತಾರೆ. ಆದರೆ ಒಂದು ಭೇದ ಬೇಕು. ಅಂಗಡಿಯವನ ಜೊತೆ ಚೌಕಾಶಿ ಮಾಡಿದರೆ ಅವನಿಗೆ ಬೇಡ ಎನ್ನುವ ಶಕ್ತಿ ಇದೆ. ಫುಟ್‌ಪಾತಿನಲ್ಲಿ ನೈಟಿ ಹರವಿಕೊಂಡವಳಿಗೆ ಸಂಜೆ ಏಳರ ಮೇಲೆ ಮಳೆ ಬರುವ ಹಾಗಿದ್ದರೆ ಆ ಶಕ್ತಿ ಇಲ್ಲ. ಅಲ್ಲಿ ಗೆದ್ದ ಇಪ್ಪತ್ತು ರೂಪಾಯಿ ಮಾತಿನ ಜಾಣ್ಮೆಯಿಂದ ಬಂದದ್ದಲ್ಲ, ಮೋಡದಿಂದ ಬಂದದ್ದು.

ಹಾಗೆಂದು ಎಲ್ಲರೂ ಅಂಗಡಿಯಲ್ಲೇ ಕೊಳ್ಳಿ, ಫೋನು ಪಾಪ ಎಂದು ನಾನು ಹೇಳಲಾರೆ. ಸ್ಟೈಪೆಂಡಿನ ಮೇಲೆ ಬದುಕುವ ವಿದ್ಯಾರ್ಥಿನಿಗೆ ನೂರೈವತ್ತು ರೂಪಾಯಿ ಎರಡು ದಿನದ ಊಟ. 2024ರ ಆಗಸ್ಟಿನಲ್ಲಿ ಸಯನ್ನಿನ ಬ್ರಿಟಿಷರ ಕಾಲದ ರೈಲ್ವೆ ಮೇಲ್ಸೇತುವೆಯನ್ನು ಕೆಡವಲೆಂದು ಮುಚ್ಚಿದ ಮೇಲೆ, ಹಳಿಯ ಪಶ್ಚಿಮಕ್ಕಿದ್ದವರಿಗೆ ಪೂರ್ವಕ್ಕೆ ಬರುವುದೇ ಒಂದು ಪ್ರಯಾಣವಾಯಿತು. ಎಳೆ ಮಗುವಿರುವ ತಾಯಿಗೆ, ಕಾಲು ನೋವಿನ ಅತ್ತೆಗೆ ಪಾರ್ಸೆಲ್ಲು ವರವೇ. ಅವರು ಫೋನಿನಲ್ಲಿ ನೋಡಿ ಫೋನಿನಲ್ಲೇ ಕೊಂಡರೆ ಯಾರಿಗೂ ಏನೂ ಬಾಕಿ ಇಲ್ಲ. ಪಾರ್ಸೆಲ್ಲು ತರುವ ಹುಡುಗನಿಗೆ ಒಂದು ಲೋಟ ನೀರು ಬಿಟ್ಟು. ಬಾಕಿ ಹುಟ್ಟುವುದು ಒಬ್ಬರ ಶ್ರಮ ಪಡೆದು ಇನ್ನೊಬ್ಬರಿಗೆ ದುಡ್ಡು ಕೊಟ್ಟಾಗ.

ಆ ಹುಡುಗಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು. ಎಲ್ಲಿ ಬೇಕಾದರೂ ಕೊಳ್ಳು, ಆದರೆ ಒಳಗೆ ಕಾಲಿಡುವಾಗ ಮನಸ್ಸಿನ ಬಾಗಿಲು ತೆರೆದಿರಲಿ. ಬೆಲೆ ವ್ಯತ್ಯಾಸ ಕಂಡರೆ ಅಲ್ಲೇ ಹೇಳು, "ಫೋನಿನಲ್ಲಿ ಇಷ್ಟಕ್ಕೆ ಸಿಗುತ್ತೆ, ನೀವು ಎಷ್ಟಕ್ಕೆ ಕೊಡ್ತೀರಿ?" ಆಗ ಅವರಿಗೂ ಗೆಲ್ಲುವ ಅವಕಾಶ ಸಿಗುತ್ತದೆ. ಬೇಡವಾದದ್ದನ್ನು ಮೊದಲೇ ಹೇಳು, ಮೂವತ್ತರ ಬದಲು ಹತ್ತು ಜೊತೆ ಬಿಚ್ಚಿದರೆ ಸಾಕಾಗುತ್ತದೆ. ತೋರಿಸಿದವಳ ಹೆಸರು ಕೇಳು, ಬಿಲ್ಲು ಮಾಡಿಸುವಾಗ ಮಾಲೀಕನಿಗೆ ಕೇಳುವ ಹಾಗೆ ಆ ಹೆಸರು ಹೇಳು.

"ನಿಮ್ಮ ಮೆಚ್ಚಿನ ಅಂಗಡಿ ಯಾವುದು ಅಂತ ಹೇಳಲೇ ಇಲ್ಲವಲ್ಲ" ಅಂದಳು. ಹೆಸರು ಹೇಳಿದರೆ ಜಾಹೀರಾತಾಗುತ್ತದೆ, ಗುರುತು ಹೇಳುತ್ತೇನೆ. "ಈ ಬಣ್ಣ ಬಿಡುತ್ತೆ, ಇದು ಬೇಡ" ಎಂದು ತನ್ನ ಮಾಲನ್ನು ತಾನೇ ಬೇಡ ಅನ್ನುವ ಕೆಲಸಗಾರ್ತಿ ಇರಬೇಕು. ಹಾಗೆ ಅಂದದ್ದಕ್ಕೆ ಅವಳನ್ನು ಗದರದ ಮಾಲೀಕನಿರಬೇಕು. ಮತ್ತೆ, ಗಿರಾಕಿ ಇಲ್ಲದ ಮಧ್ಯಾಹ್ನ ಅವಳು ಕೂರಲು ಕೌಂಟರಿನ ಹಿಂದೆ ಒಂದು ಸ್ಟೂಲಿರಬೇಕು. ಬಟ್ಟೆ ನೋಡುವ ಮೊದಲು ಆ ಸ್ಟೂಲನ್ನು ನೋಡಿ. ಅದನ್ನು ನೋಡೋದಕ್ಕೆ ಮಾತ್ರ ನಿಜವಾಗಿಯೂ ದುಡ್ಡಿಲ್ಲ.