ಏನನ್ನು, ಯಾರಿಗೆ ಎಂದು ಕೇಳದ ಭಾಷೆ

'ಕೊಟ್ಟಳು' ಎಂದಷ್ಟೇ ಹೇಳಿ ಸುಮ್ಮನಾದರೆ ಎದುರಿಗಿರುವವರು ಬಿಡುವುದಿಲ್ಲ. ಏನನ್ನು? ಯಾರಿಗೆ? ಪದವೊಂದು ಇನ್ನೊಂದಕ್ಕಾಗಿ ಕಾಯುವ ಈ ಗುಣವನ್ನು ಮೀಮಾಂಸಕರೂ ನೈಯಾಯಿಕರೂ 'ಆಕಾಂಕ್ಷೆ' ಎಂದು ಕರೆದರು. ಸಂಶೋಧನೆಗಾಗಿ ಇದನ್ನು ಓದುತ್ತಿದ್ದ ದಿನಗಳಲ್ಲೇ ಜಾವಾಸ್ಕ್ರಿಪ್ಟ್ ಕಲಿಯತೊಡಗಿದ ನನಗೆ, ಆ ಭಾಷೆಗೆ ಆಕಾಂಕ್ಷೆಯೇ ಇಲ್ಲವಲ್ಲ ಎನಿಸಿತು.

ಪ್ರೋಗ್ರಾಮಿನಲ್ಲಿ ಫಂಕ್ಷನ್ ಎಂದರೆ ಒಂದು ಕೆಲಸ ಮಾಡುವ ವಿಧಾನ. ಅದನ್ನು ಕರೆಯುವವರು ಒದಗಿಸಬೇಕಾದ ಸಾಮಗ್ರಿ ಆರ್ಗ್ಯುಮೆಂಟ್. ಎರಡು ಬೇಕಾದಲ್ಲಿ ಒಂದನ್ನೇ ಕೊಟ್ಟರೆ ಪೈಥಾನ್ ಅಲ್ಲೇ ನಿಂತು, ಯಾವುದು ಬಂದಿಲ್ಲವೆಂದು ಹೆಸರು ಹಿಡಿದು ಹೇಳುತ್ತದೆ. ಜಾವಾಸ್ಕ್ರಿಪ್ಟ್ ಗೊಣಗುವುದಿಲ್ಲ. ಖಾಲಿ ಜಾಗಕ್ಕೆ 'ಅನ್‌ಡಿಫೈನ್ಡ್' ಎಂದಿಟ್ಟುಕೊಂಡು ಮುಂದೆ ಹೋಗುತ್ತದೆ. 1995ರಲ್ಲಿ ಬ್ರೆಂಡನ್ ಐಕ್ 10 ದಿನಗಳಲ್ಲಿ ಅದರ ಮೊದಲ ರೂಪ ಕಟ್ಟಿದರು. ದೋಷವನ್ನು ಹಿಡಿದು ನಿಭಾಯಿಸುವ ಸೌಲಭ್ಯ ಪ್ರಮಾಣಿತ ಭಾಷೆಗೆ ಸೇರಿದ್ದು 1999ರಲ್ಲಿ. ಆಗಿನ ಉದಾರತೆ ಅರ್ಥವಾಗುವಂಥದ್ದೇ.

ಆದರೆ ಅದರ ಬೆಲೆ ತೆರುವವರು ಯಾರು? ಮಗುವಿನ ತೂಕ ನೋಡಿ ಔಷಧದ ಪ್ರಮಾಣ ಲೆಕ್ಕ ಹಾಕುವ ಫಂಕ್ಷನ್ ಒಂದನ್ನು ಊಹಿಸಿಕೊಳ್ಳಿ. ತೂಕವನ್ನೇ ಕೊಟ್ಟಿಲ್ಲ. ಗುಣಿಸಿದರೆ ಬರುವುದು 'ನ್ಯಾನ್', ಅಂದರೆ ಸಂಖ್ಯೆಯಲ್ಲದ್ದು. ಮುಂದಿನ ಸಾಲು 'ಪ್ರಮಾಣ ಮಿತಿ ಮೀರಿದೆಯೇ?' ಎಂದು ಪರೀಕ್ಷಿಸುತ್ತದೆ. ನ್ಯಾನ್ ಯಾವ ಸಂಖ್ಯೆಗಿಂತಲೂ ದೊಡ್ಡದಲ್ಲ, ಚಿಕ್ಕದೂ ಅಲ್ಲ. ಹಾಗಾಗಿ ಉತ್ತರ 'ಇಲ್ಲ'. ಎಚ್ಚರಿಕೆಯ ಗಂಟೆ ಬಾರಿಸುವುದೇ ಇಲ್ಲ. ಕರೆದವರ ಲೋಪ, ಆ ಕರೆಯ ಸುದ್ದಿಯೇ ತಿಳಿಯದ ಒಂದು ಮಗುವಿನ ಹಾಸಿಗೆಯ ಬಳಿ ಹೋಗಿ ನಿಲ್ಲುತ್ತದೆ. ಮುಜುಗರ ಮಾಡುವುದೇಕೆ ಎಂದು ಖಾಲಿ ಕಾಲಂ ಇರುವ ಅರ್ಜಿಗೂ ಠಸ್ಸೆ ಹಾಕುವ ಗುಮಾಸ್ತನ ಸೌಜನ್ಯವೂ ಇಂಥದ್ದೇ.

ಆರ್ಗ್ಯುಮೆಂಟ್ ಬಾರದಿದ್ದರೆ ಬಳಸಿಕೊಳ್ಳಲು ಒಂದು ಮೌಲ್ಯವನ್ನು ಮೊದಲೇ ಬರೆದಿಡುವ ಸೌಲಭ್ಯ 2015ರಲ್ಲಿ ಬಂತು. ತೂಕ ತಿಳಿಯದಿದ್ದರೆ 10 ಕಿಲೋ ಎಂದುಕೋ! ಇದು ಮೌನಕ್ಕಿಂತ ಕೆಟ್ಟದ್ದು, ಏಕೆಂದರೆ ಉತ್ತರ ನಿಜದಂತೆಯೇ ಕಾಣುತ್ತದೆ. ಪ್ರೋಗ್ರಾಂ ಬರೆಯುವವರು ಅದನ್ನೇ ತಿರುಗಿಸಿ ಬಳಸಿದರು: ಮೌಲ್ಯದ ಜಾಗದಲ್ಲಿ, ದೋಷ ಸಾರಿ ಕೆಲಸ ನಿಲ್ಲಿಸುವ ಇನ್ನೊಂದು ಫಂಕ್ಷನ್ನಿನ ಕರೆ. ಆರ್ಗ್ಯುಮೆಂಟ್ ಬಿಟ್ಟುಹೋದಾಗ ಮಾತ್ರ ಅದು ಏಳುತ್ತದೆ. ಕ್ಷಮಿಸಲೆಂದು ತೆರೆದ ಬಾಗಿಲಲ್ಲೇ ಕಾವಲುಗಾರನನ್ನು ಕೂರಿಸಿದ ಈ ಜಾಣತನ ನನಗೆ ಬಹಳ ಇಷ್ಟ.

ಕಾವಲುಗಾರನ ಕಣ್ಣು ತಪ್ಪಿಸುವುದೂ ಸುಲಭ. ತೂಕದ ಜಾಗದಲ್ಲಿ 'ನಲ್' ಎಂದು, ಅಂದರೆ 'ಏನೂ ಇಲ್ಲ' ಎಂಬುದನ್ನೇ ಕೈಗಿತ್ತರೆ ಆತ ಒಳಗೆ ಬಿಡುತ್ತಾನೆ. ಗುಣಿಸುವಾಗ ಅದು ಸೊನ್ನೆ. ಬಂದದ್ದು ನಿಜಕ್ಕೂ ಸಂಖ್ಯೆಯೇ, ಸೊನ್ನೆಗಿಂತ ಹೆಚ್ಚೇ ಎಂದು ಫಂಕ್ಷನ್ ತಾನೇ ನೋಡಬೇಕು. ಆ ಎರಡು ಸಾಲಿನ ಹೊಣೆ ಕರೆಯುವವರಿಗಿಂತ ಫಂಕ್ಷನ್ ಬರೆದವರದು ಎಂಬುದು ನನ್ನ ವಾದ. ತಮ್ಮ ಲೆಕ್ಕಕ್ಕೆ ಏನು ಬೇಕೆಂದು ತಿಳಿದವರು ಅವರೇ.

ಆದರೆ ಏನು ಕಡ್ಡಾಯ ಎಂದು ತೀರ್ಮಾನಿಸುವ ಅಧಿಕಾರವೂ ಹೀಗೆ ಅವರ ಕೈಗೇ ಹೋಗುತ್ತದೆ. 'ತಂದೆ ಅಥವಾ ಗಂಡನ ಹೆಸರು' ತುಂಬದೆ ಮುಂದಿನ ಪುಟಕ್ಕೆ ಬಿಡದ ಅರ್ಜಿಗಳನ್ನು ನಾವು ನೋಡಿದ್ದೇವೆ. ತೂಕವಿಲ್ಲದೆ ಔಷಧದ ಲೆಕ್ಕ ನಡೆಯದು, ನಿಜ. ಗಂಡನ ಹೆಸರಿಲ್ಲದೆ ಯಾವ ಲೆಕ್ಕ ನಿಂತುಹೋಗುತ್ತದೆ?